ಮನೆಯೊಳಗೆ ಬರುವ ಚರಿತ್ರೆ: ಸರ್ವಾಧಿಕಾರದ ನೆನಪು ಮತ್ತು ಕಿರುತೆರೆಯ ಕಥನ

1975ರ ಜೂನ್ 25ರ ರಾತ್ರಿ ದೇಶದಲ್ಲಿ ಆಂತರಿಕ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಅದಾದ ಐದು ವಾರಗಳಿಗೆ, ಆಗಸ್ಟ್ 1ರಂದು, ಬಿಜಾಪುರ, ಗುಲ್ಬರ್ಗ ಮತ್ತು ರಾಯಚೂರು ಜಿಲ್ಲೆಗಳ ಆಯ್ದ ಹಳ್ಳಿಗಳಲ್ಲಿ ಟಿ.ವಿ. ಪೆಟ್ಟಿಗೆಗಳು ಮೊದಲ ಬಾರಿಗೆ ಬೆಳಗಿದವು. ಅಮೆರಿಕದ ನಾಸಾ ಸಂಸ್ಥೆಯ ಎ.ಟಿ.ಎಸ್.-6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಇಸ್ರೊ ತಲುಪಿಸಿದ ಈ ಪ್ರಸಾರಕ್ಕೆ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ ಎಂದು ಹೆಸರು; ಜನರ ಬಾಯಲ್ಲಿ ಅದು 'ಸೈಟ್' ಎಂದಷ್ಟೇ ಉಳಿಯಿತು. ಬೇಸಾಯ, ಆರೋಗ್ಯ, ಮಕ್ಕಳ ಪಾಠ ಅದರ ಮುಖ್ಯ ವಿಷಯಗಳಾಗಿದ್ದವು. ಅದರ ಜೊತೆಗೆ ಪ್ರತಿ ಸಂಜೆ ದೆಹಲಿಯಿಂದ ಅರ್ಧ ಗಂಟೆಯ ಸಾಮಾನ್ಯ ಕಾರ್ಯಕ್ರಮವೊಂದು ಎಲ್ಲ ಹಳ್ಳಿಗಳಿಗೂ ಹರಿದುಬರುತ್ತಿತ್ತು. ಆನೆಗೊಂದಿ, ಗಂಗಾವತಿ, ಕೊಪ್ಪಳಗಳೆಲ್ಲ ಆಗ ರಾಯಚೂರು ಜಿಲ್ಲೆಗೆ ಸೇರಿದ್ದುದರಿಂದ, ತುಂಗಭದ್ರೆಯ ಉತ್ತರ ದಂಡೆಯ ಜಿಲ್ಲೆ ಈ ಪ್ರಯೋಗದ ಒಳಗಿತ್ತು. ದಕ್ಷಿಣ ದಂಡೆಯ ಹಂಪಿ, ಹೊಸಪೇಟೆ, ಕಂಪ್ಲಿ, ಸಂಡೂರು ಇವೆಲ್ಲ ಬಳ್ಳಾರಿ ಜಿಲ್ಲೆಯ ಊರುಗಳಾಗಿ ಹೊರಗುಳಿದವು.

ಈ ಎರಡು ಘಟನೆಗಳು ಒಂದೇ ಋತುವಿನಲ್ಲಿ ಕೂಡಿಬಂದದ್ದು ಆಕಸ್ಮಿಕ. ಪ್ರಯೋಗದ ಒಪ್ಪಂದ 1969ರಷ್ಟು ಹಿಂದೆಯೇ ಆಗಿತ್ತು. ಆದರೂ ಅದರ ಪರಿಣಾಮ ಯೋಚನೆಗೆ ಅರ್ಹವಾದದ್ದು. ಉತ್ತರ ಕರ್ನಾಟಕದ ಹಳ್ಳಿಗರು ಆ ಗಾಜಿನ ಪರದೆಯಲ್ಲಿ ಮೊದಲು ಕಂಡ ಸರ್ಕಾರವು, ತನ್ನ ವಿರುದ್ಧದ ಒಂದು ಮಾತೂ ಪರದೆಯ ಮೇಲೆ ಬಾರದಂತೆ ನೋಡಿಕೊಳ್ಳುವ ಅಧಿಕಾರವಿದ್ದ ಸರ್ಕಾರವಾಗಿತ್ತು. ಪತ್ರಿಕೆಗಳಿಗೆ ಪೂರ್ವ ಪರಿಶೀಲನೆ ಬಂದಿತ್ತು, ಅಂದರೆ ಅಚ್ಚಾಗುವ ಮೊದಲೇ ಸುದ್ದಿಯನ್ನು ಅಧಿಕಾರಿಗೆ ತೋರಿಸಿ ಒಪ್ಪಿಗೆ ಪಡೆಯಬೇಕಿತ್ತು. ಆಕಾಶವಾಣಿಯಿಂದ ದೂರದರ್ಶನವನ್ನು ಬೇರ್ಪಡಿಸಿ ಸ್ವತಂತ್ರ ಇಲಾಖೆಯನ್ನಾಗಿ ಮಾಡಿದ್ದು ಕೂಡ ಇದೇ ಅವಧಿಯಲ್ಲಿ, 1976ರ ಏಪ್ರಿಲ್ 1ರಂದು. 1977ರಲ್ಲಿ ಸರ್ಕಾರ ಬದಲಾದ ಮೇಲೆ, ತುರ್ತು ಪರಿಸ್ಥಿತಿಯಲ್ಲಿ ಸಮೂಹ ಮಾಧ್ಯಮಗಳ ದುರುಪಯೋಗ ಹೇಗೆ ನಡೆಯಿತೆಂಬುದರ ಬಗ್ಗೆ ಆಗಸ್ಟ್ ತಿಂಗಳಲ್ಲಿ ಒಂದು ಶ್ವೇತಪತ್ರವೇ ಹೊರಬಂತು. ಭಾರತದ ಟಿ.ವಿ.ಯ ಬಾಲ್ಯ ಹೀಗೆ ಒಂದು ಸರ್ವಾಧಿಕಾರದ ಅವಧಿಯೊಡನೆ ಹೆಣೆದುಕೊಂಡಿದೆ. ಮುಂದೆ ಅದೇ ಟಿ.ವಿ. ಆ ಅವಧಿಯ ನೆನಪನ್ನು ಜನರಿಗೆ ಹೇಳಿತೇ, ಹೇಳದೆ ಬಿಟ್ಟಿತೇ ಎಂಬ ಪ್ರಶ್ನೆಗೆ ಆದ್ದರಿಂದಲೇ ಹೆಚ್ಚಿನ ತೂಕವಿದೆ.

ತುರ್ತು ಪರಿಸ್ಥಿತಿಯನ್ನು ಸರ್ವಾಧಿಕಾರ ಎನ್ನಬಹುದೇ ಎಂಬ ತಕರಾರು ಆಗಾಗ ಏಳುವುದುಂಟು. ಸಂವಿಧಾನದ 352ನೇ ವಿಧಿಯ ಅಡಿಯಲ್ಲಿಯೇ ಅದರ ಘೋಷಣೆಯಾಯಿತು, ಸಂಸತ್ತು ಅದಕ್ಕೆ ಒಪ್ಪಿಗೆ ಕೊಟ್ಟಿತು, ಇಪ್ಪತ್ತೊಂದು ತಿಂಗಳ ಕೊನೆಗೆ ಚುನಾವಣೆಯೂ ನಡೆಯಿತು ಎಂಬುದೆಲ್ಲ ನಿಜ. ಆದರೆ ಆ ಅವಧಿಯ ಅತಿರೇಕಗಳನ್ನು ತನಿಖೆ ಮಾಡಿದ ಶಾ ಆಯೋಗದ ಲೆಕ್ಕದಂತೆ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ವಿಚಾರಣೆಯಿಲ್ಲದೆ ಬಂಧನದಲ್ಲಿಟ್ಟ, 'ಮೀಸಾ' ಎಂದು ಜನ ಕರೆದ ಆಂತರಿಕ ಭದ್ರತಾ ಕಾಯಿದೆಯನ್ನು ವಿರೋಧ ಪಕ್ಷಗಳ ಮೇಲೆ ಪ್ರಯೋಗಿಸಿದ, ಬಂಧನದ ಕಾರಣ ಕೇಳಿ ನ್ಯಾಯಾಲಯಕ್ಕೆ ಹೋಗುವ ಹಕ್ಕನ್ನೇ ಅಮಾನತಿನಲ್ಲಿಟ್ಟ ಆಳ್ವಿಕೆಗೆ ಬೇರೆ ಹೆಸರು ಹುಡುಕುವುದು ಕಷ್ಟ. ಜರ್ಮನಿಯ, ಅರ್ಜೆಂಟೀನಾದ, ಕೊರಿಯಾದ ಸರ್ವಾಧಿಕಾರಗಳ ಕ್ರೌರ್ಯದ ಪ್ರಮಾಣ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು ಎಂಬ ಎಚ್ಚರವನ್ನು ಇಟ್ಟುಕೊಂಡೇ ಆ ದೇಶಗಳ ಅನುಭವದ ಕಡೆಗೆ ನೋಡಬೇಕು.

ಒಂದು ಸಮಾಜ ತನ್ನ ಗತಕಾಲವನ್ನು ನೆನೆಯುವ ಬಗೆಯನ್ನು ಕುರಿತು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮೋರಿಸ್ ಹಾಲ್ಬ್‌ವಾಕ್ಸ್ ಕಳೆದ ಶತಮಾನದ ಇಪ್ಪತ್ತರ ದಶಕದಲ್ಲಿ ಬರೆದರು. ಅವರೇ ಮುಂದೆ 1945ರಲ್ಲಿ ನಾಜಿಗಳ ಬೂಕನ್‌ವಾಲ್ಡ್ ಸೆರೆ ಶಿಬಿರದಲ್ಲಿ ಸತ್ತರು. ಮನುಷ್ಯ ಒಬ್ಬಂಟಿಯಾಗಿ ನೆನೆಯುವುದಿಲ್ಲ, ಮನೆ, ವರ್ಗ, ಊರು, ಧರ್ಮ ಒದಗಿಸಿದ ಚೌಕಟ್ಟಿನೊಳಗೇ ಅವನ ನೆನಪುಗಳು ಆಕಾರ ಪಡೆಯುತ್ತವೆ ಎಂಬುದು ಅವರ ವಾದದ ತಿರುಳು. ಇದನ್ನೇ ಸಾಮೂಹಿಕ ನೆನಪು ಎನ್ನುತ್ತಾರೆ. ಅಲಿಸನ್ ಲ್ಯಾಂಡ್ಸ್‌ಬರ್ಗ್ ಎಂಬ ಅಮೆರಿಕದ ವಿದ್ವಾಂಸೆ ಈ ಶತಮಾನದ ಆರಂಭದಲ್ಲಿ ಇದಕ್ಕೆ ಇನ್ನೊಂದು ಮಾತನ್ನು ಸೇರಿಸಿದರು: ತಾನು ಬದುಕಿರದ ಕಾಲದ ಅನುಭವವನ್ನು ಸಿನಿಮಾ ಮತ್ತು ಟಿ.ವಿ.ಗಳ ಮೂಲಕ ನೋಡುಗ ತನ್ನ ಮೈಗೆ ಜೋಡಿಸಿಕೊಳ್ಳುತ್ತಾನೆ, ಆ ಜೋಡಿಸಿಕೊಂಡ ನೆನಪು ಅವನ ನಡೆನುಡಿಯನ್ನು ನಿಜವಾದ ನೆನಪಿನಷ್ಟೇ ಬಲವಾಗಿ ತಿದ್ದಬಲ್ಲದು. ಇದಕ್ಕೆ ಟಿ.ವಿ. ಧಾರಾವಾಹಿಗಿಂತ ಶಕ್ತವಾದ ಸಾಧನ ಸಿಗುವುದು ಕಷ್ಟ. ಧಾರಾವಾಹಿ ಮನೆಯೊಳಗೇ ನಡೆಯುತ್ತದೆ, ತಿಂಗಳುಗಟ್ಟಲೆ ನಡೆಯುತ್ತದೆ, ಊಟದ ಹೊತ್ತಿಗೆ ಅಜ್ಜಿಯೂ ಮೊಮ್ಮಗಳೂ ಒಟ್ಟಿಗೆ ಕುಳಿತು ನೋಡುವಂತೆ ನಡೆಯುತ್ತದೆ.

ಆದರೆ ದೊರೆತನದ ದೌರ್ಜನ್ಯವನ್ನು ಮನೆಮನೆಯ ಕಥೆಯಾಗಿಸಿ ನೆನೆಯುವ ಕಲೆ ಟಿ.ವಿ.ಯೊಂದಿಗೆ ಹುಟ್ಟಿದ್ದಲ್ಲ, ಮತ್ತು ಅದಕ್ಕೆ ಹಂಪಿ–ಸಂಡೂರು–ಕಂಪ್ಲಿಯ ಸೀಮೆಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. 1327ರ ಸುಮಾರಿಗೆ ದೆಹಲಿಯ ಮುಹಮ್ಮದ್ ಬಿನ್ ತುಘಲಕನ ಸೈನ್ಯ ಕಂಪಿಲಿಯ ಪುಟ್ಟ ರಾಜ್ಯವನ್ನು ಅಳಿಸಿಹಾಕಿತು. ಸುಲ್ತಾನನ ವಿರುದ್ಧ ದಂಗೆಯೆದ್ದ ಅವನ ಬಂಧು ಬಹಾವುದ್ದೀನ್ ಗುರ್ಶಾಸ್ಪನಿಗೆ ಕಂಪಿಲಿರಾಯ ಆಶ್ರಯ ಕೊಟ್ಟದ್ದು ಆ ದಂಡಯಾತ್ರೆಗೆ ಕಾರಣ ಎಂದು ಚರಿತ್ರೆಕಾರರು ಹೇಳುತ್ತಾರೆ. ಆದರೆ ಜನ ಏಳು ಶತಮಾನಗಳ ಕಾಲ ನೆನಪಿನಲ್ಲಿಟ್ಟುಕೊಂಡದ್ದು ರಾಯನ ಮಗ ಗಂಡುಗಲಿ ಕುಮಾರರಾಮನನ್ನು, ಅವನ ಮೇಲೆ ಮೋಹಗೊಂಡ ಮಲತಾಯಿ ರತ್ನಾಜಿಯನ್ನು, ಆಕೆಯ ಸುಳ್ಳು ದೂರನ್ನು ನಂಬಿ ಮಗನ ತಲೆ ತೆಗೆಯಲು ಅಪ್ಪಣೆ ಕೊಟ್ಟ ತಂದೆಯನ್ನು, ಗುಟ್ಟಾಗಿ ಅವನನ್ನು ಬಚ್ಚಿಟ್ಟು ಕಾಪಾಡಿದ ಮಂತ್ರಿ ಬೈಚಪ್ಪನನ್ನು. ಆಶ್ರಯ ಕೊಟ್ಟ ಸಂಗತಿ ಕಾವ್ಯಗಳಲ್ಲಿಯೂ ಇದೆ, ದೆಹಲಿಯ ಸೈನ್ಯವೂ ಬರುತ್ತದೆ; ಆದರೆ ಕೇಳುಗರ ಎದೆಯಲ್ಲಿ ನಿಂತದ್ದು ಮನೆಯೊಳಗಿನ ಅನ್ಯಾಯ. ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥಾ ಈರಮ್ಮ ಅಕ್ಷರ ತಿಳಿಯದೆಯೂ ಹನ್ನೆರಡು ಮಹಾಕಥನಗಳನ್ನು ಕಂಠಸ್ಥ ಮಾಡಿಕೊಂಡು, ರಾತ್ರಿಯಿಡೀ ಹಾಡುತ್ತ 2014ರವರೆಗೆ ಬದುಕಿದ್ದರು. ಅವುಗಳಲ್ಲಿ ಕುಮಾರರಾಮನ ಕಥೆಯೂ ಒಂದು.

ಈ ಜನಪದ ಕಥನ ಒಂದು ಕಠಿಣವಾದ ಸತ್ಯವನ್ನು ಕಲಿಸುತ್ತದೆ. ಕುಟುಂಬದ ಕಥೆಯಾಗದಿದ್ದರೆ ಕಂಪಿಲಿಯ ನಾಶ ಬಹುಶಃ ಎರಡು ತಲೆಮಾರಿಗೆ ಮರೆತುಹೋಗುತ್ತಿತ್ತು. ಆದರೆ ಕುಟುಂಬದ ಕಥೆಯಾದ ಕೂಡಲೇ ನಾಶದ ಕಾರಣ ಜಾಗ ಬದಲಿಸಿತು, ಸಾಮ್ರಾಜ್ಯದ ಹಸಿವಿನ ಜಾಗದಲ್ಲಿ ಒಬ್ಬ ಹೆಣ್ಣಿನ ಮೋಹ ಬಂದು ಕುಳಿತಿತು. ನೆನಪನ್ನು ಉಳಿಸುವ ಶಕ್ತಿಯೂ ಅದನ್ನು ಬೇರೆ ಕಡೆಗೆ ಒಯ್ಯುವ ಶಕ್ತಿಯೂ ಒಂದೇ ರೂಪದಲ್ಲಿ ಅಡಗಿವೆ. ಇಪ್ಪತ್ತನೆಯ ಶತಮಾನದ ಧಾರಾವಾಹಿಗಳು ಇದೇ ಹಾದಿಯಲ್ಲಿ ನಡೆದಿವೆ.

ಜರ್ಮನಿಯ ಉದಾಹರಣೆಯನ್ನು ತುಸು ವಿವರವಾಗಿ ನೋಡಬೇಕು. ಯಹೂದಿಗಳ ಸಾಮೂಹಿಕ ಕೊಲೆಯ ಬಗ್ಗೆ ಪಶ್ಚಿಮ ಜರ್ಮನಿಯಲ್ಲಿ ಮಾಹಿತಿಗೆ ಕೊರತೆಯಿರಲಿಲ್ಲ. ನ್ಯೂರಂಬರ್ಗಿನ ವಿಚಾರಣೆ ನಡೆದಿತ್ತು, ಅರವತ್ತರ ದಶಕದಲ್ಲಿ ಫ್ರಾಂಕ್‌ಫರ್ಟಿನಲ್ಲಿ ಆಶ್ವಿಟ್ಸ್ ಶಿಬಿರದ ಕಾವಲುಗಾರರ ಮೊಕದ್ದಮೆಯೂ ನಡೆದಿತ್ತು, ಪುಸ್ತಕಗಳೂ ಸಾಕ್ಷ್ಯಚಿತ್ರಗಳೂ ಬಂದಿದ್ದವು. ಇಲ್ಲದಿದ್ದುದು ಆ ವಿಷಯದ ಮೇಲಿನ ಮನೆಯ ಮಾತು. 1979ರ ಜನವರಿಯಲ್ಲಿ ಅಮೆರಿಕದ ಎನ್.ಬಿ.ಸಿ. ಸಂಸ್ಥೆ ತಯಾರಿಸಿದ 'ಹಾಲೊಕಾಸ್ಟ್' ಎಂಬ ಧಾರಾವಾಹಿ ನಾಲ್ಕು ರಾತ್ರಿ ಪ್ರಸಾರವಾದಾಗ ಆ ಮಾತು ಹೊರಬಂತು. ಬರ್ಲಿನ್ನಿನ ವೈದ್ಯನೊಬ್ಬನ ಯಹೂದಿ ಕುಟುಂಬ ಒಂದು ಕಡೆ, ಕೆಲಸವಿಲ್ಲದೆ ನಾಜಿ ಪಡೆಗೆ ಸೇರಿ ಮೇಲೇರುವ ವಕೀಲನೊಬ್ಬನ ಕುಟುಂಬ ಇನ್ನೊಂದು ಕಡೆ. ಈ ಎರಡು ಮನೆಗಳ ಕಥೆಯನ್ನು ಸುಮಾರು ಎರಡು ಕೋಟಿ ಜನ ನೋಡಿದರು. ಪ್ರಸಾರಕ್ಕೆ ಮೊದಲೇ ಅದನ್ನು ತಡೆಯಲು ಬಲಪಂಥೀಯ ಉಗ್ರರು ಪ್ರಸಾರ ಗೋಪುರಗಳ ಬಳಿ ಬಾಂಬು ಸಿಡಿಸಿದ್ದರು. ಪ್ರತಿ ಕಂತಿನ ಬಳಿಕ ಇತಿಹಾಸಕಾರರು ಸ್ಟುಡಿಯೊದಲ್ಲಿ ಕುಳಿತು ಪ್ರಶ್ನೆಗಳಿಗೆ ಉತ್ತರಿಸುವ ವ್ಯವಸ್ಥೆಯಿತ್ತು. ಸಾವಿರಾರು ಕರೆಗಳು ಬಂದವು, ತಾವು ಕಂಡದ್ದನ್ನು ಮೂವತ್ತು ವರ್ಷ ಯಾರಿಗೂ ಹೇಳದ ಮುದುಕರು ಹೇಳತೊಡಗಿದರು, ಆಗ ಎಲ್ಲಿದ್ದೆ ಎಂದು ಮಕ್ಕಳು ತಂದೆಯನ್ನು ಕೇಳತೊಡಗಿದರು. ಅದೇ ವರ್ಷದ ಜುಲೈನಲ್ಲಿ ಅಲ್ಲಿನ ಸಂಸತ್ತು ಕೊಲೆ ಅಪರಾಧಕ್ಕಿದ್ದ ಕಾಲಮಿತಿಯನ್ನು, ಅಂದರೆ ಇಷ್ಟು ವರ್ಷ ಕಳೆದ ಮೇಲೆ ಮೊಕದ್ದಮೆ ಹೂಡುವಂತಿಲ್ಲ ಎಂಬ ನಿಯಮವನ್ನು, ರದ್ದುಪಡಿಸಿತು. ಆ ನಿಯಮ ಉಳಿದಿದ್ದರೆ ನಾಜಿ ಕೊಲೆಗಡುಕರಲ್ಲಿ ಸಿಕ್ಕಿಬೀಳದವರೆಲ್ಲ ಆ ವರ್ಷದ ಕೊನೆಗೆ ನಿಶ್ಚಿಂತರಾಗುತ್ತಿದ್ದರು. ಧಾರಾವಾಹಿಯೊಂದರಿಂದಲೇ ಕಾನೂನು ಬದಲಾಯಿತು ಎನ್ನಲಾಗದು, ಚರ್ಚೆ ಮೊದಲಿನಿಂದಲೂ ನಡೆದಿತ್ತು. ಆದರೆ ಆ ಚರ್ಚೆಗೆ ಜನರ ಕಣ್ಣೀರಿನ ಬಲ ಬಂದದ್ದು ಈ ನಾಲ್ಕು ರಾತ್ರಿಗಳಿಂದ.

ಆಶ್ವಿಟ್ಸ್‌ನಿಂದ ಬದುಕಿ ಬಂದ ಲೇಖಕ ಎಲೀ ವೀಸೆಲ್ ಈ ಧಾರಾವಾಹಿಯನ್ನು ಕಟುವಾಗಿ ಖಂಡಿಸಿದರು. ಹೇಳಲಾಗದ ಯಾತನೆಯನ್ನು ಜಾಹೀರಾತುಗಳ ನಡುವಿನ ಮನರಂಜನೆಯಾಗಿ ಇಳಿಸಲಾಗಿದೆ ಎಂಬುದು ಅವರ ಆಕ್ಷೇಪ. ಅವರ ನೋವು ನ್ಯಾಯವಾದದ್ದು, ಆದರೂ ಮೂವತ್ತು ವರ್ಷದ ಗಂಭೀರ ಸಾಕ್ಷ್ಯಚಿತ್ರಗಳು ಮಾಡಲಾಗದ ಕೆಲಸವನ್ನು ಈ ಸಾಧಾರಣ ಕಲಾಕೃತಿ ಮಾಡಿತು ಎಂಬ ಸಂಗತಿಯನ್ನು ಅಲ್ಲಗಳೆಯಲಾಗದು. ಇದಕ್ಕೆ ಐದು ವರ್ಷಗಳ ಬಳಿಕ, 1984ರಲ್ಲಿ, ಜರ್ಮನ್ ನಿರ್ದೇಶಕ ಎಡ್ಗರ್ ರೈಟ್ಸ್ 'ಹೈಮಾಟ್' ಎಂಬ ಹನ್ನೊಂದು ಭಾಗಗಳ ಸರಣಿಯನ್ನು ತಂದರು. ಕಲೆಯ ದೃಷ್ಟಿಯಿಂದ ಇದು 'ಹಾಲೊಕಾಸ್ಟ್'ಗಿಂತ ಬಹಳ ಎತ್ತರದ ಕೃತಿ. ಷಾಬಾಕ್ ಎಂಬ ಕಲ್ಪಿತ ಹಳ್ಳಿಯ ಮನೆಯೊಂದರಲ್ಲಿ ಆರು ದಶಕಗಳು ಹಾಯುವುದನ್ನು ಅದು ಅತ್ಯಂತ ಪ್ರೀತಿಯಿಂದ ತೋರಿಸುತ್ತದೆ. ಆದರೆ ಆ ಹಳ್ಳಿಯ ಒಳಗಿನಿಂದ ನೋಡಿದಾಗ ನಾಜಿ ಆಳ್ವಿಕೆ ಎಂದರೆ ಹೊಸ ರಸ್ತೆ, ದೂರವಾಣಿ, ಕೆಲಸ. ಸೆರೆ ಶಿಬಿರಗಳು ಮಾತ್ರ ಬೆಟ್ಟದಾಚೆಯ ಅಸ್ಪಷ್ಟ ಸುದ್ದಿ. ಸಾಮಾನ್ಯ ಜನರಿಗೆ ಅನುಭವವಾದದ್ದು ಹೀಗೆಯೇ ಎಂದು ಅದನ್ನು ಸಮರ್ಥಿಸಬಹುದು. ಯಾವ ಮನೆಯ ಕಿಟಕಿಯಿಂದ ನೋಡುತ್ತೇವೆ ಎಂಬ ಆಯ್ಕೆಯಲ್ಲಿಯೇ ಏನು ಕಾಣುವುದಿಲ್ಲ ಎಂಬುದೂ ತೀರ್ಮಾನವಾಗಿಬಿಡುತ್ತದೆ ಎಂಬುದು ಅದರಿಂದ ದೊರೆಯುವ ಪಾಠ.

ಸ್ಪೇನಿನಲ್ಲಿ ಸರ್ವಾಧಿಕಾರಿ ಫ್ರಾಂಕೊ 1975ರ ನವೆಂಬರಿನಲ್ಲಿ, ಭಾರತದಲ್ಲಿ ತುರ್ತು ಪರಿಸ್ಥಿತಿ ನಡೆಯುತ್ತಿದ್ದಾಗ, ಸತ್ತನು. ಬಳಿಕ ಹಳೆಯದನ್ನು ಕೆದಕುವುದು ಬೇಡವೆಂದು ಅಲ್ಲಿನ ಪಕ್ಷಗಳು ಒಳಗೊಳಗೇ ಒಪ್ಪಿಕೊಂಡವು. 2001ರಲ್ಲಿ ಆರಂಭವಾಗಿ 2023ರವರೆಗೆ ನಡೆದ ಅಲ್ಲಿನ ಸರ್ಕಾರಿ ವಾಹಿನಿಯ ಧಾರಾವಾಹಿಯೊಂದು 1968ರಿಂದ ಮೊದಲುಗೊಂಡು ಅಲ್ಕಾಂತರಾ ಎಂಬ ಮಧ್ಯಮ ವರ್ಗದ ಕುಟುಂಬದ ಕಥೆಯನ್ನು ಹೇಳಿತು, ಫ್ರಾಂಕೊ ಕಾಲದ ಬದುಕು ಹೊಸ ತಲೆಮಾರಿಗೆ ಪರಿಚಯವಾದದ್ದು ಹೆಚ್ಚಾಗಿ ಅದರಿಂದಲೇ. ಹಳೆಯ ಹಾಡು, ಹಳೆಯ ಕಾರು, ಹಳೆಯ ಉಡುಪುಗಳ ಹಂಬಲ ಆ ಕಾಲದ ಭಯವನ್ನು ಮರೆಮಾಡಿತು ಎಂಬ ಟೀಕೆಯನ್ನೂ ಅದು ಎದುರಿಸಿತು.

ಅರ್ಜೆಂಟೀನಾದ ಕಥೆ ಬೇರೆ. 1976ರಿಂದ 1983ರವರೆಗಿನ ಸೇನಾಡಳಿತದಲ್ಲಿ ಹಿಡಿದೊಯ್ದ ಗರ್ಭಿಣಿಯರಿಗೆ ಸೆರೆಯಲ್ಲಿ ಹೆರಿಗೆಯಾದಾಗ ಆ ಶಿಶುಗಳನ್ನು ಸೈನಿಕರ ಮತ್ತು ಅವರ ಪರಿಚಿತರ ಮನೆಗಳಿಗೆ ಹಂಚಲಾಗಿತ್ತು. ಆ ಮಕ್ಕಳನ್ನು ಹುಡುಕಲು 'ಪ್ಲಾಸಾ ದೆ ಮಾಯೊದ ಅಜ್ಜಿಯರು' ಎಂಬ ಸಂಘಟನೆ 1977ರಿಂದ ಇಂದಿನವರೆಗೆ ಶ್ರಮಿಸುತ್ತಿದೆ. 2006ರಲ್ಲಿ ಪ್ರಸಾರವಾದ 'ಮೊಂತೆಕ್ರಿಸ್ತೊ' ಎಂಬ ಜನಪ್ರಿಯ ಪ್ರೇಮ–ಪ್ರತೀಕಾರದ ಧಾರಾವಾಹಿಯಲ್ಲಿ ನಾಯಕಿ ತಾನು ಅಂಥ ಕದ್ದ ಮಗುವೆಂದು ಕಂಡುಕೊಳ್ಳುವ ಎಳೆಯನ್ನು ಹೆಣೆಯಲಾಯಿತು. ತಮ್ಮ ಹುಟ್ಟಿನ ಬಗ್ಗೆ ಅನುಮಾನವಿದ್ದ ಯುವಕ ಯುವತಿಯರು ಅಜ್ಜಿಯರ ಕಚೇರಿಯನ್ನು ಸಂಪರ್ಕಿಸುವುದು ಆಗ ಹೆಚ್ಚಿತು. ದಕ್ಷಿಣ ಕೊರಿಯಾದಲ್ಲಿ 1995ರ ಆರಂಭದಲ್ಲಿ ಪ್ರಸಾರವಾದ 'ಮರಳ ಗಡಿಯಾರ' ಎಂಬರ್ಥದ ಹೆಸರಿನ ಧಾರಾವಾಹಿ 1980ರಲ್ಲಿ ಸೇನೆ ಪ್ರತಿಭಟನಾಕಾರರ ಮೇಲೆ ನಡೆಸಿದ ಗ್ವಾಂಗ್ಜು ನರಮೇಧವನ್ನು ಮನೆಮನೆಗೆ ತಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮಾಜಿ ಸರ್ವಾಧಿಕಾರಿ ಚುನ್ ಡೂ-ಹ್ವಾನ್ ಬಂಧನಕ್ಕೊಳಗಾದನು.

ಇನ್ನು ಭಾರತ. ಟಿ.ವಿ. ಗೋಪುರಗಳು ದಿನಕ್ಕೊಂದರಂತೆ ಎದ್ದ 1984ರ ಬಳಿಕ, ತುಂಗಭದ್ರೆಯ ದಕ್ಷಿಣ ದಂಡೆಯ ಊರುಗಳೂ ಪರದೆಯ ಮುಂದೆ ಕುಳಿತವು. ಆ ದಶಕದಲ್ಲಿ ದೂರದರ್ಶನ ಚರಿತ್ರೆಗೆ ಹಿಂಜರಿಯಲಿಲ್ಲ. ದೇಶ ವಿಭಜನೆಯ ಕುರಿತ 'ಬುನಿಯಾದ್' ಬಂತು. ಭೀಷ್ಮ ಸಾಹನಿಯವರ ಕಾದಂಬರಿಯನ್ನು ಆಧರಿಸಿ ಗೋವಿಂದ ನಿಹಲಾನಿ ನಿರ್ದೇಶಿಸಿದ 'ತಮಸ್' 1988ರಲ್ಲಿ ಬಂದಾಗ ಅದನ್ನು ನಿಲ್ಲಿಸಲು ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಶ್ಯಾಮ್ ಬೆನಗಲ್ ಅವರ 'ಭಾರತ್ ಏಕ್ ಖೋಜ್' ಐದು ಸಾವಿರ ವರ್ಷಗಳನ್ನು 53 ಕಂತುಗಳಲ್ಲಿ ಹೇಳುತ್ತ ವಿಜಯನಗರಕ್ಕೂ ಜಾಗ ಕೊಟ್ಟಿತು. ಈ ಕಥನಗಳ ಕೇಂದ್ರದಲ್ಲಿದ್ದದ್ದು ವಿಭಜನೆ ಮತ್ತು ಅದಕ್ಕೂ ಹಿಂದಿನ ಚರಿತ್ರೆ. ಸರ್ಕಾರದ ಒಡೆತನದ ವಾಹಿನಿ, ಹತ್ತೇ ವರ್ಷ ಹಿಂದಿನ, ಪಾತ್ರಧಾರಿಗಳೆಲ್ಲ ಇನ್ನೂ ರಾಜಕೀಯದಲ್ಲಿದ್ದ ಅವಧಿಯನ್ನು ಕಥೆಯಾಗಿಸುವುದು ಅಸಾಧ್ಯವಾಗಿತ್ತು. ಸಿನಿಮಾದಲ್ಲಿ ಅಮೃತ್ ನಾಹಟಾ ಅವರ 'ಕಿಸ್ಸಾ ಕುರ್ಸೀ ಕಾ' ಚಿತ್ರದ ಪ್ರತಿಗಳನ್ನು ತುರ್ತು ಪರಿಸ್ಥಿತಿಯಲ್ಲಿ ಸುಟ್ಟುಹಾಕಲಾಗಿ, ಅದನ್ನು ಮತ್ತೆ ತಯಾರಿಸಬೇಕಾಯಿತು. ಖಾಸಗಿ ವಾಹಿನಿಗಳ ಕಾಲದಲ್ಲಿ 2013ರ 'ಪ್ರಧಾನಮಂತ್ರಿ' ಎಂಬ ಹಿಂದಿ ಸರಣಿ ಆ ದಿನಗಳನ್ನು ನಟರ ಮೂಲಕ ತೋರಿಸಿತಾದರೂ, ಅದು ದೆಹಲಿಯ ಬಂಗಲೆಗಳೊಳಗಿನ ತೀರ್ಮಾನಗಳ ಕಥೆ. ಈಚಿನ 'ಎಮರ್ಜೆನ್ಸಿ' ಸಿನಿಮಾ ಕೂಡ ಒಬ್ಬ ನಾಯಕಿಯ ಸುತ್ತಲೇ ತಿರುಗುತ್ತದೆ. ತುರ್ತು ಪರಿಸ್ಥಿತಿಯನ್ನು ಒಂದು ಸಾಮಾನ್ಯ ಮನೆಯೊಳಗಿನಿಂದ ವಾರಗಟ್ಟಲೆ ತೋರಿಸಿದ, ನಾಡಿಗೆ ನಾಡೇ ನೋಡಿದ ಧಾರಾವಾಹಿ ಭಾರತದಲ್ಲಿ ಇದುವರೆಗೂ ಬಂದಿಲ್ಲ.

ಕನ್ನಡ ಕಿರುತೆರೆಗೆ ಇದರ ಶಕ್ತಿ ಇಲ್ಲವೆಂದಲ್ಲ. 2020ರಲ್ಲಿ ಜೀ ಕನ್ನಡ ವಾಹಿನಿ ಹಿಂದಿಯಿಂದ ಡಬ್ ಮಾಡಿ ತಂದ 'ಮಹಾನಾಯಕ' ಧಾರಾವಾಹಿಯನ್ನು ನೆನೆದರೆ ಸಾಕು. ಡಾ. ಅಂಬೇಡ್ಕರ್ ಅವರ ಬಾಲ್ಯದ ಅವಮಾನಗಳು ವಾರಾಂತ್ಯದ ಕಥೆಯಾದಾಗ ರಾಜ್ಯದ ಹಳ್ಳಿ ಹಳ್ಳಿಗಳಲ್ಲಿ ಜನರೇ ಹಣ ಕೂಡಿಸಿ ಆ ಧಾರಾವಾಹಿಗೆ ಶುಭ ಕೋರುವ ಫ್ಲೆಕ್ಸ್‌ಗಳನ್ನು ನಿಲ್ಲಿಸಿದರು. ಪ್ರಸಾರ ನಿಲ್ಲಿಸುವಂತೆ ವಾಹಿನಿಯವರಿಗೆ ಬೆದರಿಕೆಯ ಕರೆಗಳೂ ಬಂದವು. ಪಠ್ಯಪುಸ್ತಕದಲ್ಲಿ ಓದಿ ಗೊತ್ತಿದ್ದ ಸಂಗತಿ ತೆರೆಯ ಮೇಲೆ ಒಬ್ಬ ಹುಡುಗನ ಬಾಯಾರಿಕೆಯಾಗಿ ಕಂಡಾಗ ಅದರ ಪರಿಣಾಮ ಎಷ್ಟು ಬೇರೆಯಾಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಪುರಾವೆ ಕನ್ನಡಿಗರಿಗೆ ಬೇಡ. ಇನ್ನೊಂದು ಕಡೆ, ಸಮಾಜವಾದಿ ಚಳವಳಿಯ ಒಡನಾಟದಿಂದ ಬಂದ ಟಿ.ಎನ್. ಸೀತಾರಾಮ್ 'ಮಾಯಾಮೃಗ', 'ಮನ್ವಂತರ', 'ಮುಕ್ತ' ಮೊದಲಾದ ಧಾರಾವಾಹಿಗಳಲ್ಲಿ ಮಧ್ಯಮ ವರ್ಗದ ಮನೆಯ ಜಗಲಿಗೂ ನ್ಯಾಯಾಲಯದ ಕಟಕಟೆಗೂ ನೇರ ದಾರಿ ಮಾಡಿದರು. ವಾದ–ಪ್ರತಿವಾದಗಳ ದೀರ್ಘ ದೃಶ್ಯಗಳನ್ನು ಜನ ಬೇಸರವಿಲ್ಲದೆ ನೋಡಿದರು. ಮನೆ ಮತ್ತು ನ್ಯಾಯಾಲಯ ಎಂಬ ಈ ಎರಡು ರಂಗಸ್ಥಳಗಳೇ ತುರ್ತು ಪರಿಸ್ಥಿತಿಯ ಕಥೆಗೂ ಬೇಕಾದವು.

ಆ ಕಥೆಯ ಸಾಮಗ್ರಿ ಕರ್ನಾಟಕದಲ್ಲಿ ಹೇರಳವಾಗಿದೆ. ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಅವರನ್ನು ಜೂನ್ 26ರ ಬೆಳಿಗ್ಗೆ ಬಂಧಿಸಲಾಯಿತು. ಅವರ ಬಂಧನವನ್ನು ಪ್ರಶ್ನಿಸಿದ ಅರ್ಜಿಗಳು ಕರ್ನಾಟಕ ಹೈಕೋರ್ಟಿಗೆ ಹೋದವು, ಆ ಅವಧಿಯಲ್ಲಿಯೇ ಅಲ್ಲಿನ ನ್ಯಾಯಮೂರ್ತಿಗಳಾದ ಡಿ.ಎಂ. ಚಂದ್ರಶೇಖರ್ ಮತ್ತು ಎಂ. ಸದಾನಂದಸ್ವಾಮಿ ಅವರನ್ನು ದೂರದ ರಾಜ್ಯಗಳಿಗೆ ವರ್ಗ ಮಾಡಲಾಯಿತು. 'ಸಂಸ್ಕಾರ' ಚಿತ್ರದಲ್ಲಿ ಚಂದ್ರಿಯ ಪಾತ್ರದಿಂದ ಕನ್ನಡಿಗರಿಗೆ ಪರಿಚಿತರಾದ ಸ್ನೇಹಲತಾ ರೆಡ್ಡಿ 1976ರ ಮೇ 2ರಂದು ಬಂಧಿತರಾಗಿ, ತೀವ್ರವಾದ ಉಬ್ಬಸದಿಂದ ನರಳುತ್ತಿದ್ದರೂ ಎಂಟು ತಿಂಗಳು ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಕಳೆದು, 1977ರ ಜನವರಿ 15ರಂದು ಪೆರೋಲಿನ ಮೇಲೆ ಹೊರಬಂದರು ಮತ್ತು ಐದನೆಯ ದಿನ ತೀರಿಕೊಂಡರು. ಅವರ ಸೆರೆಮನೆಯ ದಿನಚರಿ ಅಚ್ಚಾಗಿದೆ. ಆ ಕಾರಾಗೃಹ ಈಗ ಫ್ರೀಡಂ ಪಾರ್ಕ್ ಆಗಿ, ಪ್ರತಿಭಟನೆಗೆ ಬಂದವರು ಸೇರುವ ಜಾಗವಾಗಿದೆ. ತಲೆಮರೆಸಿಕೊಂಡಿದ್ದ ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸ್ ಅವರ ಸುಳಿವಿಗಾಗಿ ಅವರ ತಮ್ಮ ಲಾರೆನ್ಸ್ ಅವರನ್ನು ಹಿಡಿದು ಪೊಲೀಸರು ಕೊಟ್ಟ ಹಿಂಸೆ ಶಾ ಆಯೋಗದ ಮುಂದೆ ದಾಖಲಾಗಿದೆ.

ಆದರೆ ಇಷ್ಟೇ ಆದರೆ ಅದು ಬೆಂಗಳೂರಿನ ಕಥೆಯಾಗುತ್ತದೆ, ಮತ್ತು ಕರ್ನಾಟಕದ ಅತ್ಯಂತ ಕಷ್ಟದ ಪ್ರಶ್ನೆ ಹೊರಗೇ ಉಳಿಯುತ್ತದೆ. 1977ರ ಮಾರ್ಚಿನ ಚುನಾವಣೆಯಲ್ಲಿ ಉತ್ತರ ಭಾರತ ಕಾಂಗ್ರೆಸ್ಸನ್ನು ಗುಡಿಸಿಹಾಕಿದಾಗ ಕರ್ನಾಟಕ 28 ಲೋಕಸಭಾ ಸ್ಥಾನಗಳಲ್ಲಿ 26ನ್ನು ಅದಕ್ಕೇ ಕೊಟ್ಟಿತು. ಮರುವರ್ಷ ಚಿಕ್ಕಮಗಳೂರು ಇಂದಿರಾ ಗಾಂಧಿಯವರನ್ನು ಮತ್ತೆ ಲೋಕಸಭೆಗೆ ಕಳುಹಿಸಿತು. ಬಲವಂತದ ಸಂತಾನಶಕ್ತಿಹರಣದ ಹಾವಳಿ ಉತ್ತರದಷ್ಟು ಇಲ್ಲಿ ಇರಲಿಲ್ಲ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಭೂಮಿ. 1974ರ ಮಾರ್ಚಿನಿಂದ ಜಾರಿಗೆ ಬಂದ ಮುಖ್ಯಮಂತ್ರಿ ದೇವರಾಜ ಅರಸು ಅವರ ಭೂಸುಧಾರಣೆಯಂತೆ, ಗೇಣಿ ಮಾಡುತ್ತಿದ್ದವರು ಏಳನೇ ನಂಬರಿನ ಅರ್ಜಿ ಕೊಟ್ಟು ಭೂನ್ಯಾಯ ಮಂಡಳಿಯ ಮುಂದೆ ತಾವೇ ನಿಂತು, ವಕೀಲರ ಪ್ರವೇಶವಿಲ್ಲದ ಆ ಸಭೆಯಲ್ಲಿ, ಒಡೆಯನ ಎದುರು ತಮ್ಮ ಉಳುಮೆಯನ್ನು ಸಾಬೀತುಪಡಿಸುತ್ತಿದ್ದ ವರ್ಷಗಳು ಅವೇ. ಹಿಂದುಳಿದ ವರ್ಗಗಳ ಕುರಿತ ಹಾವನೂರು ಆಯೋಗದ ವರದಿ ಬಂದದ್ದೂ 1975ರ ನವೆಂಬರಿನಲ್ಲಿ. ಒಂದು ಮನೆಯ ಮಗ ಮೀಸಾ ಕೈದಿಯಾಗಿ ಜೈಲಿನಲ್ಲಿದ್ದಾಗ, ಪಕ್ಕದ ಬೀದಿಯ ಗೇಣಿದಾರ ತನ್ನ ಹೆಸರಿಗೆ ಪಹಣಿ ಬಂದದ್ದನ್ನು ಕಂಡು ದೇವರಿಗೆ ಕೈಮುಗಿದಿರಬಹುದು. ಇಬ್ಬರ ನೆನಪೂ ಸುಳ್ಳಲ್ಲ.

ಸಂಡೂರಿನಲ್ಲಂತೂ ಈ ಗೋಜಲು ಇನ್ನೂ ಬಿಗಿಯಾಗಿದೆ. 1973ರಲ್ಲಿ ಅಲ್ಲಿ ಸಮಾಜವಾದಿಗಳ ಮುಂದಾಳತ್ವದಲ್ಲಿ ರೈತರು ದೊಡ್ಡ ಭೂಹೋರಾಟ ನಡೆಸಿ ಜೈಲು ಸೇರಿದರು. ಎರಡು ವರ್ಷದೊಳಗೆ ಸಮಾಜವಾದಿಗಳು ಬೇರೆಯೇ ಕಾರಣಕ್ಕೆ ದೇಶದಾದ್ಯಂತ ಸೆರೆಮನೆಗಳಲ್ಲಿದ್ದರು, ಸಂಡೂರಿನ ಹಿಂದಿನ ರಾಜಮನೆತನದ ಎಂ.ವೈ. ಘೋರ್ಪಡೆ ಭೂಸುಧಾರಣೆಯನ್ನು ಜಾರಿಗೊಳಿಸುತ್ತಿದ್ದ ಅರಸು ಸಂಪುಟದಲ್ಲಿ ಹಣಕಾಸು ಸಚಿವರಾಗಿದ್ದರು. ಭೂಮಿಗಾಗಿ ಬೀದಿಗಿಳಿದವರು ಯಾರು, ಭೂಮಿ ಕೊಟ್ಟವರು ಯಾರು, ಬಾಯಿ ಮುಚ್ಚಿಸಿದವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ಇಲ್ಲಿ ಒಂದೇ ಸಾಲಿನ ಉತ್ತರವಿಲ್ಲ. ಪಕ್ಷಗಳ ವೇದಿಕೆಗಳಲ್ಲಿ ಪ್ರತಿ ಜೂನ್ ತಿಂಗಳು ತುರ್ತು ಪರಿಸ್ಥಿತಿ ಆಯುಧವಾಗಿ ಹೊರಬರುತ್ತದೆ, ಜುಲೈನಲ್ಲಿ ಒಳಗೆ ಹೋಗುತ್ತದೆ. 2024ರಲ್ಲಿ ಕೇಂದ್ರ ಸರ್ಕಾರ ಜೂನ್ 25ನ್ನು ಸಂವಿಧಾನ ಹತ್ಯೆಯ ದಿನವೆಂದು ಸಾರಿದ ಮೇಲೆ ಆ ಕದನ ಇನ್ನಷ್ಟು ಜೋರಾಗಿದೆ. ಭಾಷಣಕ್ಕೆ ಒಂದು ಪಕ್ಷ ಬೇಕು. ಧಾರಾವಾಹಿ ಮಾತ್ರ ನೂರು ಕಂತುಗಳ ಅವಕಾಶದಲ್ಲಿ ಸೆರೆಯಾದ ಮಗನ ತಾಯಿಯನ್ನೂ ಭೂಮಿ ಪಡೆದ ಗೇಣಿದಾರನನ್ನೂ ಒಂದೇ ಬಾವಿಕಟ್ಟೆಯ ಬಳಿ ನಿಲ್ಲಿಸಿ, ಇಬ್ಬರಿಗೂ ಪೂರ್ತಿ ಮಾತಾಡಲು ಬಿಡಬಲ್ಲದು. ರತ್ನಾಜಿಯ ಮೋಹದಲ್ಲಿ ಕಂಪಿಲಿಯ ನಾಶವನ್ನು ಮುಚ್ಚಿಹಾಕಿದ ತಪ್ಪು ಮರುಕಳಿಸದಂತೆ, ಮನೆಯ ಕಥೆಯೊಳಗೆ ಅಧಿಕಾರದ ಕೈಯನ್ನು ಬಿಡದೆ ತೋರಿಸುವ ಬರಹಗಾರರು ಅದಕ್ಕೆ ಬೇಕು.

ಅಂಥ ಬರಹಗಾರರಿಗೆ ಕಲ್ಪನೆಯಷ್ಟೇ ದಾಖಲೆಯೂ ಕೈಗೆಟುಕುವಂತಿದೆ: 1978ರ ಶಾ ಆಯೋಗದ ಮೂರು ವರದಿಗಳು, ಸ್ನೇಹಲತಾ ಅವರ ದಿನಚರಿ, ಭೂನ್ಯಾಯ ಮಂಡಳಿಗಳ ಆದೇಶಗಳು, ಹೈಕೋರ್ಟಿನ ತೀರ್ಪುಗಳು. ದಾಖಲೆಗೆ ಸಿಗದಿರುವುದು ಮನುಷ್ಯರ ಸಾಕ್ಷಿ. ಜರ್ಮನಿಯಲ್ಲಿ 'ಹಾಲೊಕಾಸ್ಟ್' ಪ್ರಸಾರವಾದದ್ದು ನಾಜಿ ಆಳ್ವಿಕೆ ಮುಗಿದ 34 ವರ್ಷಗಳಿಗೆ, ಕೊರಿಯಾದ ಧಾರಾವಾಹಿ ಬಂದದ್ದು ಗ್ವಾಂಗ್ಜುವಿನ 15 ವರ್ಷಗಳಿಗೆ. ಎರಡೂ ಕಡೆ ನೋಡುಗರ ಮಧ್ಯೆ ಆ ಕಾಲವನ್ನು ಬದುಕಿದವರು ಕುಳಿತಿದ್ದರು, ಅವರನ್ನು ಪ್ರಶ್ನೆ ಕೇಳಲು ಮಕ್ಕಳಿಗೆ ಸಾಧ್ಯವಾಯಿತು. ತುರ್ತು ಪರಿಸ್ಥಿತಿಗೆ 2025ರಲ್ಲಿ ಐವತ್ತು ವರ್ಷ ತುಂಬಿದೆ. ಗಂಗಾವತಿಯ ಕಡೆಯಲ್ಲಾಗಲಿ ಕಂಪ್ಲಿಯ ಕಡೆಯಲ್ಲಾಗಲಿ, ಆಗ ಇಪ್ಪತ್ತರ ಹರೆಯದಲ್ಲಿದ್ದವರು ಈಗ ಎಪ್ಪತ್ತು ದಾಟಿದ್ದಾರೆ. ಸಂಜೆಯ ಧಾರಾವಾಹಿಯನ್ನು ಮೊಮ್ಮಕ್ಕಳೊಂದಿಗೆ ಕುಳಿತು ನೋಡುವವರಲ್ಲಿ ಅವರೂ ಇದ್ದಾರೆ, ಮತ್ತು ಆ ದಿನಗಳ ಬಗ್ಗೆ ಅವರನ್ನು ಯಾರೂ ಇನ್ನೂ ಕೇಳಿಲ್ಲ.